ಎಲ್‌ಜಿಇ (ಕಾಂಟ್ರಾಸ್ಟ್ ಕೊಟ್ಟು ಸ್ವಲ್ಪ ಹೊತ್ತಿನ ನಂತರ ತೆಗೆಯುವ ಹೃದಯದ ಎಂಆರ್‌ಐ): ಸೆಪ್ಟಮ್ (ಎಡ-ಬಲ ಕುಹರಗಳ ನಡುವಿನ ಗೋಡೆ) ನಡುವಿನ ಬಿಳಿ ಗೆರೆ ಸ್ಕಾರ್ (ಸ್ನಾಯುವಿನ ಗಾಯದ ಕಲೆ) ಹೌದೋ ಅಲ್ಲವೋ?

ಎಂಆರ್ ಟೆಕ್, ಬೆಳಗಾವಿ
1.5 ಟೆಸ್ಲಾ ಮಷಿನ್. ರೋಗಿ 60 ಕೆಜಿ, ಏಟ್ರಿಯಲ್ ಫಿಬ್ರಿಲೇಷನ್ (ಲಯ ತಪ್ಪಿದ ಹೃದಯ ಬಡಿತ), ಬಡಿತ 95ರ ಆಸುಪಾಸು. ಗ್ಯಾಡೊಬ್ಯುಟ್ರಾಲ್ (ಗ್ಯಾಡೋಲಿನಿಯಂ ಇರುವ ಕಾಂಟ್ರಾಸ್ಟ್) 6 ಎಂಎಲ್ ಕೊಟ್ಟು 8ನೇ ನಿಮಿಷಕ್ಕೆ ಶುರು. ಸ್ಕೌಟ್ (ಬೇರೆ ಬೇರೆ ಟಿಐ ತೋರಿಸುವ ಪರೀಕ್ಷಾ ಚಿತ್ರ) ನೋಡಿ ಟಿಐ (ಇನ್ವರ್ಷನ್ ಪಲ್ಸ್‌ನಿಂದ ಚಿತ್ರದವರೆಗೆ ಕಾಯುವ ಹೊತ್ತು, ಚೆನ್ನಾಗಿರುವ ಸ್ನಾಯು ಕಪ್ಪಾಗುವಂತೆ ಇಡುವುದು) 260 ಮಿಲಿಸೆಕೆಂಡ್ ಇಟ್ಟು, ಶಾರ್ಟ್ ಆಕ್ಸಿಸ್ (ಹೃದಯದ ಅಡ್ಡ ಸ್ಲೈಸ್‌ಗಳು) ಪೂರ್ತಿ ಅದರಲ್ಲೇ ಮುಗಿದಿದೆ. ಮೊದಲ ಸ್ಲೈಸ್‌ಗಳಲ್ಲಿ ಸ್ನಾಯು ಕಪ್ಪು, ಕೊನೆಯವುಗಳಲ್ಲಿ ಬೂದು. ಸೆಪ್ಟಮ್ ನಡುವೆ ತೆಳ್ಳನೆಯ ಬಿಳಿ ಗೆರೆ. ಫೈಬ್ರೋಸಿಸ್ (ಸ್ಕಾರ್ ಅಂಗಾಂಶ) ಅಂತ ನಂಬಬಹುದೇ?

ಸೀನಿಯರ್ ಟೆಕ್, ವಿಜಯಪುರ
ಗೆರಿ ಆಮ್ಯಾಲ ನೋಡೂಣ್ರಿ, ಮೊದಲ ಟಿಐ ಸರಿ ಮಾಡ್ಕೋರಿ. ಗ್ಯಾಡೋಲಿನಿಯಂ ಸ್ನಾಯುದಾಗಿಂದ ತೊಳದು ಹೋದಂಗೆಲ್ಲಾ ಟಿ1 (ಇನ್ವರ್ಷನ್ ಆದ ಮ್ಯಾಲ ಸ್ನಾಯುವಿನ ಸಿಗ್ನಲ್ ಚೇತರಿಸಿಕೊಳ್ಳೂ ಹೊತ್ತು) ಉದ್ದ ಆಗ್ತದ, ಸ್ನಾಯು ಕಪ್ಪಾಗೂ ಹೊತ್ತು ಮುಂದ ಸರೀತದ. 260ಕ್ಕ ಅಂಟಿಕೊಂಡ್ರ ಕೊನೀಗೆ ಬೂದು ಆಗೂದ. ಮೂರ್ನಾಲ್ಕು ಸ್ಲೈಸಿಗೊಮ್ಮೆ ಕಣ್ಣಾಡಿಸಿ 10–20 ಮಿಲಿಸೆಕೆಂಡ್ ಏರಸ್ರಿ. ಟಿಐ ಭಾಳ ಕಡಿಮಿ ಆದ್ರ ಮ್ಯಾಗ್ನಿಟ್ಯೂಡ್ (ಸಿಗ್ನಲ್‌ನ ಪ್ಲಸ್-ಮೈನಸ್ ಗುರುತು ಬಿಟ್ಟ) ಚಿತ್ರದಾಗ ಚಲೋ ಸ್ನಾಯುನ ಬೆಳ್ಳಗ ಕಾಣತದ, ಸ್ಕಾರ್ ಕಪ್ಪಾಗಿ ಅಡಗತದ. ಪಿಎಸ್‌ಐಆರ್ (ಆ ಗುರುತು ಉಳಿಸ್ಕೊಳ್ಳೂ ವಿಧಾನ) ಹಾಕಿದ್ರ ಈ ಮೋಸ ಬಹುತೇಕ ತಪ್ಪತದ.

8 ನಿಮಿಷ ಅವಸರ ಆತ್ರಿ, 10 ದಾಟಲಿ. ರಕ್ತ ಇನ್ನೂ ಬೆಳ್ಳಗಿದ್ದಾಗ ಒಳಪದರದ ಸ್ಕಾರ್ ಅದರಾಗ ಕರಗಿ ಹೋಗತದ. ಸ್ಕೌಟ್‌ನಾಗ ಮೊದಲ ರಕ್ತ, ಆಮ್ಯಾಲ ಸ್ನಾಯು ಕಪ್ಪಾಗಬೇಕು. ಉಲ್ಟಾ ಆದ್ರ ಅಮೈಲಾಯ್ಡ್ (ಹೃದಯದಾಗ ಅಸಹಜ ಪ್ರೋಟೀನ್ ತುಂಬೂ ರೋಗ) ಸಂಶಯ ಪಡ್ರಿ.

ರೇಡಿಯಾಲಜಿ, ಬಾಗಲಕೋಟೆ
ಗೆರೆಯ ವಿಷಯ. ಅದೇ ಸ್ಲೈಸನ್ನು ಫೇಸ್ ಎನ್‌ಕೋಡಿಂಗ್ ದಿಕ್ಕು ಬದಲಿಸಿ ಮತ್ತೊಮ್ಮೆ ತೆಗೆಯಿರಿ. ಘೋಸ್ಟ್ (ಚಲನೆಯಿಂದ ಆ ದಿಕ್ಕಿನಲ್ಲಿ ಮೂಡುವ ಸುಳ್ಳು ನೆರಳು) ಆಗಿದ್ದರೆ ಜಾಗ ಬಿಡುತ್ತದೆ, ಫೈಬ್ರೋಸಿಸ್ ಆಗಿದ್ದರೆ ಅಲ್ಲೇ ಇರುತ್ತದೆ. ಫೋರ್ ಚೇಂಬರ್ ನೋಟದಲ್ಲೂ ಅದೇ ಜಾಗದಲ್ಲಿ ಕಾಣಲೇಬೇಕು. ಇವೆರಡೂ ಇಲ್ಲದೆ ರಿಪೋರ್ಟಿನಲ್ಲಿ ಫೈಬ್ರೋಸಿಸ್ ಎಂದು ಬರೆಯಬೇಡಿ. ಆ ಒಂದು ಪದದ ಮೇಲೆ ಮುಂದಿನ ಚಿಕಿತ್ಸೆಯೇ ಬದಲಾಗಬಹುದು.

ನಿಜವೇ ಆಗಿದ್ದರೆ ಹಾರ್ಟ್ ಅಟ್ಯಾಕಿನ ಗುರುತಲ್ಲ. ಅಟ್ಯಾಕಿನ ಸ್ಕಾರ್ ಒಳಪದರದಿಂದ ಶುರುವಾಗಿ ಹೊರಕ್ಕೆ ಹಬ್ಬುತ್ತದೆ, ಒಂದು ರಕ್ತನಾಳದ ವ್ಯಾಪ್ತಿಯಲ್ಲೇ ಇರುತ್ತದೆ. ನಡುಪದರದ ಗೆರೆ ಡೈಲೇಟೆಡ್ ಕಾರ್ಡಿಯೋಮಯೋಪಥಿಯಲ್ಲಿ (ಕುಹರ ಹಿಗ್ಗಿ ಸ್ನಾಯು ದುರ್ಬಲವಾಗುವ ರೋಗ) ಹೆಚ್ಚು. ಬಲ ಕುಹರ ಸೆಪ್ಟಮ್‌ಗೆ ಕೂಡುವ ಮೂಲೆಯಲ್ಲಷ್ಟೇ ಚೂರು ಬಿಳುಪಿದ್ದರೆ ಅದಕ್ಕೆ ಅಷ್ಟು ತೂಕ ಕೊಡಬೇಡಿ.

ಈ ಬಡಿತಕ್ಕೆ ಒಂದು ಬಿಟ್ಟು ಒಂದರ ಬದಲು ಮೂರು ಬಡಿತಕ್ಕೊಮ್ಮೆ ಟ್ರಿಗರ್ (ಚಿತ್ರ ತೆಗೆಯುವ ಸೂಚನೆ) ಇಡಿ. ಆಗ ಮುಂದಿನ ಇನ್ವರ್ಷನ್ ಹೊತ್ತಿಗೆ ಸ್ನಾಯು ಸಾಕಷ್ಟು ಚೇತರಿಸಿಕೊಂಡಿರುತ್ತದೆ. ಆದರೂ ಮಸುಕಾದರೆ ಸಿಂಗಲ್ ಶಾಟ್ (ಇಡೀ ಸ್ಲೈಸ್ ಒಂದೇ ಬಡಿತದಲ್ಲಿ), ಮೋಷನ್ ಕರೆಕ್ಷನ್ ಜೊತೆ.

ಎಂಆರ್ ಟೆಕ್, ಬೆಳಗಾವಿ
ರೋಗಿಗೆ ಮರಾಠಿ ಮಾತ್ರ ಬರುತ್ತದೆ, ಉಸಿರು ಹಿಡಿದದ್ದೂ ಸರಿಯಾಗಿರಲಿಲ್ಲ. ಇನ್ನೊಂದು, ಮುಂದಿನ ಕೇಸಿನ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ಪ್ರಮಾಣ) 24. ಕಾಂಟ್ರಾಸ್ಟ್ ಇಲ್ಲದೆ ಆಗುತ್ತದೆಯೇ?

ರೇಡಿಯಾಲಜಿ, ಬಾಗಲಕೋಟೆ
ಟೇಬಲ್ ಒಳಗೆ ಹೋಗುವ ಮೊದಲೇ ಅವರ ಭಾಷೆಯಲ್ಲೇ ‘ಶ್ವಾಸ ಸೋಡಾ, ಥಾಂಬಾ’ ಎಂದು ರೂಢಿ ಮಾಡಿಸಿ. ಉಸಿರು ಬಿಟ್ಟು ನಿಂತಾಗ ಡಯಾಫ್ರಮ್ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬರುತ್ತದೆ, ಒಳಗೆಳೆದು ಹಿಡಿದರೆ ಹಾಗಾಗುವುದಿಲ್ಲ.

ಇಜಿಎಫ್‌ಆರ್ 24ಕ್ಕೆ ಮೊದಲು ನೇಟಿವ್ ಟಿ1 ಮ್ಯಾಪಿಂಗ್ (ಕಾಂಟ್ರಾಸ್ಟ್ ಇಲ್ಲದೆ ಸ್ನಾಯುವಿನ ಟಿ1 ಅಳೆಯುವುದು). ನಿಮ್ಮದೇ ಮಷಿನ್ನಿನ ನಾರ್ಮಲ್ ವ್ಯಾಪ್ತಿಗೆ ಹೋಲಿಸಿ, ಬೇರೆ ಕಡೆಯ ಸಂಖ್ಯೆ ಹಚ್ಚಬೇಡಿ. ಊತ ಇದ್ದರೂ ಟಿ1 ಏರುತ್ತದೆ, ಹಾಗಾಗಿ ಜೊತೆಗೆ ಟಿ2 (ಊತ ತೋರಿಸುವ ಅಳತೆ) ಬೇಕೇ ಬೇಕು. ಇಸಿವಿ (ಸ್ನಾಯುವಿನಲ್ಲಿ ಜೀವಕೋಶಗಳ ಹೊರಗಿನ ಜಾಗದ ಪಾಲು) ಲೆಕ್ಕಕ್ಕೆ ಕಾಂಟ್ರಾಸ್ಟ್ ಮತ್ತು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಎರಡೂ ಬೇಕು, ಅದನ್ನು ಇಲ್ಲಿ ಕೈಬಿಡಿ. ಸ್ಕಾರ್ ನೋಡಲೇಬೇಕು ಅಂದರೆ ಕಿಡ್ನಿ ಡಾಕ್ಟರ ಜೊತೆ ಮಾತಾಡಿ, ಗ್ಯಾಡೊಬ್ಯುಟ್ರಾಲ್ ಅಥವಾ ಗ್ಯಾಡೊಟೆರೇಟ್‌ನಂಥ ಮ್ಯಾಕ್ರೋಸೈಕ್ಲಿಕ್ (ಗ್ಯಾಡೋಲಿನಿಯಂ ಅನ್ನು ಉಂಗುರದೊಳಗೆ ಗಟ್ಟಿಯಾಗಿ ಹಿಡಿದಿಡುವ) ಕಾಂಟ್ರಾಸ್ಟ್ ಮಾತ್ರ. ಹಳೆಯ ಲೀನಿಯರ್ ಔಷಧ ಮುಟ್ಟಲೇಬೇಡಿ.