ಮನೆ ಕಂಪ್ಯೂಟರಿಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಯಾವ್ದು ತಗೊಳ್ಳೋದು?

ಮೂಡಿಗೆರೆ ಮಳೆ:
ನಮಸ್ಕಾರ ಎಲ್ರಿಗೂ. ಮನೇಲಿ ಹಳೇ ಡೆಸ್ಕ್‌ಟಾಪ್ ಇದೆ, 500 ಜಿಬಿ ಡಿಸ್ಕು ತುಂಬೋಗಿದೆ, ತಂಗಿ ಮದುವೆ ವಿಡಿಯೋ, ಬೇಲೂರು ಹಳೇಬೀಡಲ್ಲಿ ತೆಗೆದ ಫೋಟೋಗಳು, ಅಪ್ಪನ ತೋಟದ ಲೆಕ್ಕ ಎಲ್ಲಾ ಅದ್ರಲ್ಲೇ ಇದೆ. ಚಿಕ್ಕ 2 ಟಿಬಿದು ಸಾಕಾ, ಅಡಾಪ್ಟರ್ ಹಾಕೋ ದೊಡ್ಡ 8 ಟಿಬಿದು ಬೇಕಾ, ಇಲ್ಲಾ ತಿರುಗೋ ತಟ್ಟೆ ಇಲ್ಲದೆ ಚಿಪ್ಪಲ್ಲೇ ಫೈಲ್ ಇಡೋ ಎಸ್‌ಎಸ್‌ಡಿನೇ ತಗೊಳ್ಳಲಾ? ನಮ್ಮ ಕಡೆ ಕರೆಂಟ್ ಗೊತ್ತಲ್ಲ, ಗುಡುಗು ಶುರುವಾದ್ರೆ ಹೋಯ್ತು ಅಂತ್ಲೇ. ಯುಪಿಎಸ್ ಬ್ಯಾಟರಿ ಬೇರೆ ವೀಕು.

ಹಾಸನದ ರಿಪೇರಿಯವ:
ಸರ್, ಕರೆಂಟ್ ಹಂಗಿದ್ರೆ ಚಿಕ್ಕದೇ ತಗೊಳ್ಳಿ. ಆ 2.5 ಇಂಚಿನ ಡ್ರೈವು ಯುಎಸ್‌ಬಿ ಕೇಬಲ್ಲಿಂದಲೇ ಕರೆಂಟ್ ಎಳ್ಕೊಳ್ಳುತ್ತೆ, ದೊಡ್ಡ 3.5 ಇಂಚಿನದಕ್ಕೆ 12 ವೋಲ್ಟ್ ಅಡಾಪ್ಟರ್ ಬೇಕೇ ಬೇಕು, ಅದನ್ನ ಯುಪಿಎಸ್ ಬಿಟ್ಟು ಗೋಡೆ ಪ್ಲಗ್ಗಿಗೆ ಹಾಕಿರ್ತಾರೆ, ಕಾಪಿ ಆಗ್ತಿರೋವಾಗ ಕರೆಂಟ್ ಹೋದ್ರೆ ಡ್ರೈವು ಧಡಕ್ಕನೆ ನಿಲ್ಲುತ್ತೆ, ಫೈಲ್ ಕೆಟ್ಟಿರೋ ಕೇಸು ನಮ್ಮತ್ರ ಬರ್ತಾನೇ ಇರ್ತವೆ. ಸಿಪಿಯು ಹಿಂದೆ ನೀಲಿ ಪೋರ್ಟ್ ಇದ್ಯಾ ನೋಡಿ, ಸಾಮಾನ್ಯವಾಗಿ ಅದು ಯುಎಸ್‌ಬಿ 3.0. ಕಪ್ಪು 2.0 ಪೋರ್ಟಲ್ಲಿ ಸೆಕೆಂಡಿಗೆ 35 ಎಂಬಿ ಬಂದ್ರೆ ಹೆಚ್ಚು, 400 ಜಿಬಿ ಕಾಪಿಗೆ 3 ಗಂಟೆ ಮೇಲೆ ಕೂರ್ಬೇಕು. ನೀಲಿಲಿ ಒಂದು ಗಂಟೆ ಚಿಲ್ಲರೆ. ಮುಂದಿನ ಪೋರ್ಟಿಗೆ ಹಾಕ್ಬೇಡಿ, ಹಳೇ ಕ್ಯಾಬಿನೆಟ್ಟಲ್ಲಿ ಅಲ್ಲಿ ಪವರ್ ಸಾಲದೆ ಡ್ರೈವು ಟಿಕ್ ಟಿಕ್ ಅಂತಿರುತ್ತೆ ಅಷ್ಟೇ, ಓಪನ್ ಆಗಲ್ಲ.

ಕಾಫಿನಾಡು:
ಮಾರಾಯ್ರೆ, ಹೊಸಾ ಡ್ರೈವಿಗೆ ಎಲ್ಲಾ ಹಾಕಿ ಹಳೇದರಿಂದ ಡಿಲೀಟ್ ಮಾಡ್ಬಿಟ್ರೆ ಮತ್ತೆ ಒಂದೇ ಕಾಪಿ ಆಯ್ತಲ್ಲ! ಅದು ಕೈಜಾರಿ ಬಿದ್ರೆ ತಂಗಿ ಮದುವೆ ವಾಪಸ್ ಬರುತ್ತಾ? 8 ಟಿಬಿದು ಒಂದು ತಗೊಳ್ಳೋ ಬದ್ಲು 2 ಟಿಬಿದು ಎರಡು ತಗೊಳ್ಳಿ. ಒಂದು ಕಂಪ್ಯೂಟರ್ ಹತ್ರ, ಇನ್ನೊಂದು ಕಾಪಿ ಆದ್ಮೇಲೆ ಕೇಬಲ್ ಕಿತ್ತು ತಂಗಿ ಮನೇಲಿ ಇರ್ಲಿ. ಸಿಡಿಲು ಬಡಿದ್ರೆ ಪ್ಲಗ್ಗಲ್ಲಿ ಇರೋದೆಲ್ಲಾ ಒಟ್ಟಿಗೆ ಹೋಗುತ್ತೆ. ಎಸ್‌ಎಸ್‌ಡಿ ಬಿದ್ರೂ ತಡ್ಕೊಳ್ಳುತ್ತೆ, ಸ್ಪೀಡೂ ಜಾಸ್ತಿ, ಆದ್ರೆ ಅದೇ ದುಡ್ಡಿಗೆ ಜಾಗ ಕಮ್ಮಿ, ಕರೆಂಟ್ ತೋರಿಸದೆ ವರ್ಷಗಟ್ಟಲೆ ಬೀರುವಲ್ಲಿ ಇಡೋದಕ್ಕೆ ಅದನ್ನ ನಂಬ್ಬೇಡಿ.

ಮೂಡಿಗೆರೆ ಮಳೆ:
ಎರಡು ತಗೊಳ್ಳೋದು ತಲೆಗೇ ಹೊಳೆದಿರ್ಲಿಲ್ಲ, ಥ್ಯಾಂಕ್ಸ್ ಅಣ್ಣ. ನೀಲಿ ಪೋರ್ಟ್ ಎರಡಿದೆ. ಟಿವಿಗೂ ಹಾಕ್ಬೋದಾ?

ಹಾಸನದ ರಿಪೇರಿಯವ:
ಹಾಕ್ಬೋದು. ಎಫ್‌ಎಟಿ32 ಫಾರ್ಮ್ಯಾಟ್ (ಡ್ರೈವಲ್ಲಿ ಫೈಲ್ ಜೋಡಿಸಿಡೋ ರೀತಿ) ಮಾತ್ರ ಬೇಡ, 4 ಜಿಬಿ ದಾಟಿದ ಫೈಲ್ ಹಿಡಿಯಲ್ಲ, ಮದುವೆ ವಿಡಿಯೋ ಅಲ್ಲೇ ನಿಂತೋಗುತ್ತೆ. ಎನ್‌ಟಿಎಫ್‌ಎಸ್ ಇಲ್ಲಾ ಎಕ್ಸ್‌ಫ್ಯಾಟ್ ಇಡಿ, ಟಿವಿ ಯಾವ್ದು ಓದುತ್ತೆ ಅಂತ ಮೊದ್ಲೇ ಚೆಕ್ ಮಾಡ್ಕೊಳ್ಳಿ, ಆಮೇಲೆ ಬದಲಾಯಿಸ್ಬೇಕಂದ್ರೆ ಪೂರ್ತಿ ಅಳಿಸ್ಬೇಕಾಗುತ್ತೆ. 2 ಟಿಬಿದು ವಿಂಡೋಸಲ್ಲಿ 1.8 ಅಂತ ತೋರಿಸುತ್ತೆ, ಅದು ಲೆಕ್ಕ ಹಾಕೋ ರೀತಿ ಬೇರೆ ಅಷ್ಟೇ, ಅಂಗಡಿಯವ್ರ ಹತ್ರ ಜಗಳ ಬೇಡ. ಮಳೆಗಾಲದಲ್ಲಿ ಗಾಳಿ ಆಡದ ಡಬ್ಬಿಗೆ ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿ ಅದ್ರಲ್ಲಿಡಿ, ನಿಮ್ಮೂರಿನ ಥಂಡಿಗೆ ಪೋರ್ಟ್ ಪಿನ್ನು ಹಸಿರುಗಟ್ಟಿರೋದನ್ನ ನೋಡಿದೀನಿ.