ಡೆಬ್ ಪ್ಯಾಕೇಜ್ ಹಾಕಿದ ಮೇಲೆ "ಪರ್ಮಿಷನ್ ಡಿನೈಡ್": 777 ಕೊಟ್ಟುಬಿಡ್ಲಾ?

ಪ್ರಶ್ನೆ ಕೇಳಿದವರು:
ಕೈಯಾರೆ ಕಟ್ಟಿದ ಡೆಬ್ ಪ್ಯಾಕೇಜ್ (ಉಬುಂಟು ಥರದ ಲಿನಕ್ಸಿಗೆ ಸಾಫ್ಟ್‌ವೇರ್ ಹಾಕುವ ಫೈಲ್). ಬೇರೆಯವರ ಮೆಷೀನಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಇಲ್ಲದೆ ಓಡುವುದೇ ಇಲ್ಲ. ಎಲ್ಲಕ್ಕೂ 777, ಅಂದರೆ ಯಾರು ಬೇಕಾದರೂ ಓದಿ, ಬದಲಿಸಿ, ಓಡಿಸುವ ಪರ್ಮಿಷನ್ ಕೊಟ್ಟರೆ ಮುಗೀತಾ? ಅನುಭವ ಇರೋರು ಹೇಳಿ.

ಬಯಲುಸೀಮೆ:
777 ಮಾತ್ರ ಬೇಡ, ಕೈ ಮುಗಿಯುತ್ತೇನೆ. ನಮ್ಮ ಬಿಲ್ಡ್ ಸರ್ವರಿನ ಯೂಮಾಸ್ಕನ್ನು (ಹೊಸ ಫೈಲಿಗೆ ಯಾವ ಪರ್ಮಿಷನ್ ಕೊಡಬಾರದು ಅನ್ನುವ ಸೆಟ್ಟಿಂಗ್) ಯಾರೋ 077, ಅಂದರೆ ಮಾಲೀಕರ ಹೊರತು ಯಾರಿಗೂ ಏನೂ ಸಿಗದಂತೆ ಮಾಡಿದ್ದರು, ನನಗೆ ಹೇಳಿರಲಿಲ್ಲ. ಪ್ಯಾಕೇಜಿನ ವಿವರ ಇರುವ ಕಂಟ್ರೋಲ್ ಡೈರೆಕ್ಟರಿಯ ಪರ್ಮಿಷನ್ 700 ಇದೆ, 0755 ಆದರೂ ಬೇಕು ಅಂತ ಡೆಬ್ ಕಟ್ಟುವ ಡಿಪಿಕೆಜಿ ಬಿಲ್ಡ್ ನಿಲ್ಲಿಸಿತು. ಆ ಒಂದು ಫೋಲ್ಡರಿಗೆ 755 ಕೊಟ್ಟು ಮುಂದೆ ಹೋದೆ. ಅಲ್ಲೇ ಎಡವಿದ್ದು. ಪ್ರೋಗ್ರಾಮ್ 700, ಮಿಕ್ಕ ಫೈಲೆಲ್ಲ 600, ಅಂದರೆ ಮಾಲೀಕರಿಗೆ ಮಾತ್ರ ಅನ್ನುವಂತೆಯೇ ಪ್ಯಾಕ್ ಆದವು. ಟೆಸ್ಟಿಂಗ್ ಪೂರ್ತಿ ಸುಡೋದಲ್ಲೇ ಮಾಡಿದ್ದರಿಂದ ಗೊತ್ತೇ ಆಗಲಿಲ್ಲ. ಶುಕ್ರವಾರ ಸಂಜೆ 11 ಗ್ರಾಹಕರಿಗೆ ಕಳಿಸಿದೆ. ಶನಿವಾರ ತಂಗಿಯ ನಿಶ್ಚಿತಾರ್ಥ. ಮಹಡಿ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹನ್ನೊಂದನ್ನೂ ಸರಿ ಮಾಡಿದೆ. ಊಟಕ್ಕೆ ಕೂತಾಗ ಎಲೆ ಎತ್ತುತ್ತಿದ್ದರು. ಈಗ ಕಾಪಿ ಮಾಡುವ ಸಿಪಿ ಕಮಾಂಡ್ ಮುಟ್ಟುವುದೇ ಇಲ್ಲ. ಇನ್‌ಸ್ಟಾಲ್ ಕಮಾಂಡಿಗೆ ಮೋಡ್ (ಪರ್ಮಿಷನ್ ಸಂಖ್ಯೆ) ಕೊಟ್ಟೇ ಫೈಲ್ ಇಡುತ್ತೇನೆ. ಪ್ರೋಗ್ರಾಮಿಗೆ 0755 (ಎಲ್ಲರೂ ಓಡಿಸಬಹುದು), ಉಳಿದದ್ದಕ್ಕೆ 0644 (ಎಲ್ಲರೂ ಓದಬಹುದು). ಎರಡರಲ್ಲೂ ಬದಲಿಸುವುದು ಮಾಲೀಕರು ಮಾತ್ರ.

ಕರಾವಳಿ:
ಡೆಬ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ಬಳಸಿದ್ದರೆ ಅದರ ಡಿಎಚ್-ಫಿಕ್ಸ್‌ಪರ್ಮ್ಸ್ ಇದನ್ನೆಲ್ಲ ತಾನೇ ಸರಿಮಾಡುತ್ತಿತ್ತು. ಕೈಯಾರೆ ಕಟ್ಟಿ ಆಮೇಲೆ ಗೋಳಾಡುವುದು ಯಾಕೆ?

ಬಯಲುಸೀಮೆ:
ಗೋಳಾಟ ಅಲ್ಲ ಸ್ವಾಮಿ. ಹಳೇ ಸ್ಕ್ರಿಪ್ಟ್, ನಾನು ಬರೆದದ್ದೂ ಅಲ್ಲ. ನೋಡದೆ ಮಾತಾಡಬೇಡಿ.

ಮಲೆನಾಡು:
ನನ್ನದು ಡಾಕರ್ ಕಥೆ (ಪ್ರೋಗ್ರಾಮನ್ನು ಬೇಕಾದ್ದೆಲ್ಲದರ ಜೊತೆ ಒಂದೇ ಇಮೇಜಾಗಿ ಕಟ್ಟುವ ಸಾಧನ). ಕಾಪಿ ಆದ ಮೇಲೆ ಇನ್ನೊಂದು ಸಾಲಲ್ಲಿ ಇಡೀ ಫೋಲ್ಡರಿಗೆ ಸಿಎಚ್‌ಮಾಡ್ (ಪರ್ಮಿಷನ್ ಬದಲಿಸುವ ಕಮಾಂಡ್) ಹಾಕಿದ್ದೆ. 900 ಎಂಬಿ ಇಮೇಜ್ 1.7 ಜಿಬಿ ಆಯಿತು. ಪರ್ಮಿಷನ್ ಬದಲಾದ ಪ್ರತಿ ಫೈಲೂ ಆ ಸಾಲು ಸೇರಿಸುವ ಹೊಸ ಲೇಯರಲ್ಲಿ (ಇಮೇಜಿನ ಪದರದಲ್ಲಿ) ಪೂರ್ತಿ ಇನ್ನೊಂದು ಸಲ ಕೂರುತ್ತದೆ. ಇದು ತಿಳಿಯಲು ನನಗೆ ಎರಡು ದಿನ ಬೇಕಾಯಿತು, ಅಷ್ಟರಲ್ಲಿ ಸರ್ವರ್ ಡಿಸ್ಕ್ ತುಂಬಿತ್ತು. ಕಾಪಿ ಮಾಡುವಾಗಲೇ ಸಿಎಚ್‌ಮಾಡ್ ಆಪ್ಷನ್ ಕೊಟ್ಟೆ, ಮತ್ತೆ 900ಕ್ಕೆ ಇಳಿಯಿತು.

ಕರಾವಳಿ:
ಅವರು ಕೇಳಿದ್ದು ಡೆಬ್ ಬಗ್ಗೆ, ಡಾಕರ್ ಯಾಕೆ?

ಮಲೆನಾಡು:
ಅನುಭವ ಕೇಳಿದ್ದಾರೆ, ಹೇಳಿದೆ. ಹಾಗೆ ನೋಡಿದರೆ ನೀವು ಒಂದು ಅನುಭವವನ್ನೂ ಹೇಳಿಲ್ಲ.

ಕರಾವಳಿ:
ಸರಿ, ಕೇಳಿ. ನಮ್ಮ ತಂಡದಲ್ಲಿ ಅರ್ಧ ಜನ ವಿಂಡೋಸಲ್ಲಿ ಬರೆಯುತ್ತಾರೆ. ಹೊಸ ಸ್ಕ್ರಿಪ್ಟ್ ಗಿಟ್ಟಿಗೆ (ಕೋಡಿನ ಬದಲಾವಣೆಗಳನ್ನು ಕಾದಿಡುವ ಸಾಧನ) ಹಾಕಿದಾಗೆಲ್ಲ 644, ಅಂದರೆ ಓಡಿಸಲಾಗದ ಫೈಲ್ ಆಗಿ ಬರುತ್ತದೆ, ಲಿನಕ್ಸ್ ಬಿಲ್ಡ್ ಬೀಳುತ್ತದೆ. ಗಿಟ್ ಫೈಲಿನ ಪರ್ಮಿಷನ್ನಲ್ಲಿ ನೆನಪಿಟ್ಟುಕೊಳ್ಳುವುದು ಓಡಿಸಬಹುದು ಅನ್ನುವ ಎಕ್ಸಿಕ್ಯೂಟ್ ಬಿಟ್ ಒಂದನ್ನೇ. ಅದನ್ನು ಗಿಟ್ಟಿನ ಅಪ್‌ಡೇಟ್-ಇಂಡೆಕ್ಸ್ ಕಮಾಂಡಲ್ಲಿ ಹೊತ್ತಿಸಿ ಕಮಿಟ್ ಮಾಡಬೇಕು. ಆರು ತಿಂಗಳಿಂದ ಹೇಳುತ್ತಿದ್ದೇನೆ, ಒಬ್ಬರೂ ಕೇಳಲ್ಲ.

ಬಯಲುಸೀಮೆ:
ವಿಂಡೋಸಲ್ಲಿ ಬರೆಯೋರನ್ನು ಬೈದರೆ ಏನು ಬಂತು? ರಿವ್ಯೂ ಮಾಡುವಾಗ ನೀವೇ ನೋಡಬಹುದಿತ್ತು.

ಪ್ರಶ್ನೆ ಕೇಳಿದವರು:
ಪ್ಯಾಕೇಜಿನ ಒಳಗಿನ ಫೈಲ್ ಪಟ್ಟಿಯನ್ನು ಡಿಪಿಕೆಜಿ ಮೈನಸ್ ಸಿ ಹಾಕಿ ನೋಡಿದೆ. ಪ್ರೋಗ್ರಾಮ್ 700, ಉಳಿದ ಫೈಲೆಲ್ಲ 600, ಮಾಲೀಕರ ಜಾಗದಲ್ಲಿ ನನ್ನ ಯೂಸರ್ ಹೆಸರು. ಇದೂ ತಪ್ಪಾ?

ಮಲೆನಾಡು:
ತಪ್ಪೇ. ಕಟ್ಟುವಾಗ ರೂಟ್-ಓನರ್-ಗ್ರೂಪ್ ಆಪ್ಷನ್ ಕೊಡಿ, ಮಾಲೀಕರ ಜಾಗದಲ್ಲಿ ರೂಟ್ (ಅಡ್ಮಿನ್) ಬರುತ್ತದೆ.

ಕರಾವಳಿ:
ಬಯಲುಸೀಮೆ, ನಾನು ರಿವ್ಯೂ ಮಾಡುವವನೇ ಅಲ್ಲ. ತಿಳಿದುಕೊಂಡು ಮಾತಾಡಿ.