ಸಹಾಯ ಬೇಕು: ಜಾಣ ಮಕ್ಕಳೇ ಹೆಚ್ಚು ತಪ್ಪು ಮಾಡಿರೋ ಪ್ರಶ್ನೆಯನ್ನ ಏನು ಮಾಡೋದು?

ಪ್ರೌಢಶಾಲೆಯ 120 ಮಕ್ಕಳು ಬರೆದ 40 ಅಂಕದ ಪ್ರಮಾಣೀಕೃತ ಗಣಿತ ಪರೀಕ್ಷೆಯನ್ನ ಪ್ರಶ್ನೆವಾರು ಬಿಡಿಸಿ ನೋಡ್ತಿದ್ದೀವಿ. ಒಟ್ಟು ಅಂಕದ ಪ್ರಕಾರ ಮೇಲಿನ ಶೇ. 27 ಅಂದ್ರೆ 32 ಜನ, ಕೆಳಗಿನ 32 ಜನ ಅಂತ ಎರಡು ಗುಂಪು. 17ನೇ ಪ್ರಶ್ನೆಗೆ ಮೇಲಿನ ಗುಂಪಲ್ಲಿ 9 ಜನ ಸರಿ, ಕೆಳಗಿನದ್ರಲ್ಲಿ 15. ಅಂದ್ರೆ ಭೇದಕ ಸೂಚ್ಯಂಕ, ಅಂದ್ರೆ ಹೆಚ್ಚು ಅಂಕದವರನ್ನ ಕಡಿಮೆ ಅಂಕದವರಿಂದ ಈ ಪ್ರಶ್ನೆ ಎಷ್ಟು ಬೇರ್ಪಡಿಸುತ್ತೆ ಅನ್ನೋ ಅಳತೆ, (9−15)/32, ಸುಮಾರು −0.19. ಬರೀ ಕಷ್ಟದ ಪ್ರಶ್ನೆ ಆಗಿದ್ರೆ ಹೀಗೆ ಉಲ್ಟಾ ಬರ್ತಿರಲಿಲ್ಲ.

ಕೀ ಉತ್ತರ ಎರಡು ಸಲ ನೋಡಾಯ್ತು, ಸರಿ ಇದೆ. ಓಎಂಆರ್ ಹಾಳೆಗಳನ್ನ ಕೈಯಲ್ಲೇ ತಾಳೆ ಹಾಕಾಯ್ತು. ಆಯ್ಕೆವಾರು ಎಣಿಸಿದಾಗ ಮೇಲಿನ ಗುಂಪಿನ 19 ಜನ 'ಡಿ' ಗುರುತು ಮಾಡಿದ್ದಾರೆ. ಕೀ ಪ್ರಕಾರ 'ಬಿ', ಅಂದ್ರೆ 3.1, 'ಡಿ' 3.14. ಎಷ್ಟು ದಶಮಾಂಶ ಸ್ಥಾನಕ್ಕೆ ಅಂತ ಪ್ರಶ್ನೆಯಲ್ಲಿ ಹೇಳೇ ಇಲ್ಲ. ನಿಖರವಾಗಿ ಲೆಕ್ಕ ಮಾಡಿದ ಮಕ್ಕಳಿಗೇ ಪೆಟ್ಟು ಬಿದ್ದಿದೆ, ಪಾಪ.

ಗೊಂದಲ ಇಲ್ಲೇ. ಪ್ರಶ್ನೆ ತೆಗೆದ್ರೆ ಒಟ್ಟು 39 ಆಗುತ್ತೆ, ಪರ್ಸೆಂಟೈಲ್ ಪಟ್ಟಿ (ಇಷ್ಟು ಅಂಕ ಬಂದ್ರೆ ಶೇಕಡಾ ಎಷ್ಟು ಮಕ್ಕಳಿಗಿಂತ ಮುಂದೆ ಅಂತ ತೋರಿಸೋ, ಪರೀಕ್ಷೆ ಜೊತೆ ಬರೋ ಪಟ್ಟಿ) ಇರೋದು 40ಕ್ಕೆ. ಎರಡೂ ಉತ್ತರಕ್ಕೆ ಅಂಕ ಕೊಟ್ರೆ, ಪಟ್ಟಿ ಮಾಡಿದಾಗ ಹಾಗೆ ಕೊಟ್ಟಿರಲಿಲ್ಲ, ಪರ್ಸೆಂಟೈಲ್ ಸುಮ್ಮನೆ ಏರುತ್ತೆ.

ಪರ್ಸೆಂಟೈಲ್‌ಗೆ ಮೂಲ ಅಂಕವನ್ನೇ ಇಟ್ಕೊಂಡು, ಯಾರಿಗೆ ಯಾವ ಪಾಠ ಬಂದಿಲ್ಲ ಅಂತ ನೋಡುವಾಗ ಮಾತ್ರ ಈ ಪ್ರಶ್ನೆ ಬಿಡಬಹುದಾ? ಇಲ್ಲಾ ಬೇರೆ ಸರಿಯಾದ ಕ್ರಮ ಇದ್ಯಾ? ಪ್ರಶ್ನೆ ವಿಶ್ಲೇಷಣೆ ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ.